ಮನೆಗೆ ಬರುವ ಸಿಂಬಳದ ಹುಳುವೂ ತೋಟದ ಔಷಧವೂ

ನಮ್ಮ ಸಂಘದ ಗೊಬ್ಬರ ಮತ್ತು ಔಷಧ ಮಳಿಗೆಯಲ್ಲಿ ಎರಡು ಮೂರು ವರ್ಷಗಳಿಂದ ಒಂದು ಹೊಸ ಬಗೆಯ ಬೇಡಿಕೆ ಕಂಡುಬರುತ್ತಿದೆ. ಕೇಳುವವರು ನಮ್ಮ ಸದಸ್ಯರೇ ಆದರೂ ಔಷಧ ಬೇಕಾಗಿರುವುದು ಅವರ ತೋಟಕ್ಕಲ್ಲ. "ಹೆಬ್ಬಾಳದಲ್ಲಿ ಮಗಳ ಮನೆ. ರಾತ್ರಿಯಾದರೆ ಬಚ್ಚಲಿನಿಂದ ಅಡಿಗೆಮನೆಯವರೆಗೂ ಸಿಂಬಳದ ಹುಳು ಹರಿದಾಡುತ್ತವಂತೆ. ತೋಟಕ್ಕೆ ಹಾಕುವ ಆ ಬಸವನಹುಳುವಿನ ಮಾತ್ರೆ ಅರ್ಧ ಕಿಲೋ ಕಟ್ಟಿಕೊಡಪ್ಪ, ರಾತ್ರಿ ಬಸ್ಸಿಗೆ ಹೊರಟಿದ್ದೇನೆ" ಎಂದು ಹಿರಿಯ ಸದಸ್ಯರೊಬ್ಬರು ಗುಮಾಸ್ತನನ್ನು ಕೇಳುತ್ತಿದ್ದಾಗ ನಾನೂ ಅಲ್ಲೇ ನಿಂತಿದ್ದೆ. ಹುಡುಗ ಚೀಲದಿಂದ ತೆಗೆದು, ತೂಗಿ, ಹಳೆಯ ಪತ್ರಿಕೆಯಲ್ಲಿ ಪೊಟ್ಟಣ ಕಟ್ಟಿ ಕೊಟ್ಟ. ಪೊಟ್ಟಣದ ಮೇಲೆ ಔಷಧದ ಹೆಸರಿಲ್ಲ, ವಿಷವೆಂಬ ಗುರುತಿಲ್ಲ. ಅದು ಹಪ್ಪಳ ಸಂಡಿಗೆಯ ಜತೆಗೆ ಒಂದೇ ಕೈಚೀಲದಲ್ಲಿ ಬೆಂಗಳೂರಿಗೆ ಪ್ರಯಾಣ ಮಾಡಿತು.

ಹೀಗೆ ಕೊಡುವುದು ನಿಲ್ಲಬೇಕು ಎಂಬುದು ನನ್ನ ಅಭಿಪ್ರಾಯ. ಈ ಮಾತನ್ನು ನಾಲ್ಕಾರು ಜನರ ಮುಂದೆ ಆಡಿದಾಗ ಎಲ್ಲರೂ ಒಪ್ಪಲಿಲ್ಲ. ಸದಸ್ಯ ಹಣ ಕೊಟ್ಟು ಕೇಳುವ ಸಾಮಾನನ್ನು ಇಲ್ಲವೆನ್ನಲು ಗುಮಾಸ್ತ ಯಾರು, ನಾವು ಕೊಡದಿದ್ದರೆ ಪೇಟೆಯ ಅಂಗಡಿಯವನು ಕೊಡುತ್ತಾನೆ, ವ್ಯಾಪಾರ ಅವನ ಪಾಲಾಗುತ್ತದೆ ಎಂದವರಿದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಅದಕ್ಕೆ ಉತ್ತರ ಕೊಡುವ ಮುನ್ನ ಈ ಹುಳು ಯಾವುದು, ಮನೆಯೊಳಗೆ ಏಕೆ ಬರುತ್ತದೆ, ಅದನ್ನು ಹೊರಗಿಡಲು ನಿಜವಾಗಿ ಏನು ಬೇಕು ಎಂಬುದನ್ನು ನೋಡೋಣ.

ಚಿಪ್ಪಿಲ್ಲದ ಬಸವನಹುಳುವನ್ನೇ ನಾವು ಸಿಂಬಳದ ಹುಳು ಎನ್ನುವುದು. ಹೆಸರಿಗೆ ಹುಳುವಾದರೂ ಇದು ಕೀಟಗಳ ಜಾತಿಯದಲ್ಲ. ಕಪ್ಪೆಚಿಪ್ಪು, ಶಂಖಗಳ ಬಳಗಕ್ಕೆ ಸೇರಿದ್ದು. ಆದ್ದರಿಂದಲೇ ಕೀಟಗಳಿಗೆಂದು ಮಾಡಿದ ಔಷಧಗಳಲ್ಲಿ ಹೆಚ್ಚಿನವು ಇದಕ್ಕೆ ತಾಕುವುದಿಲ್ಲ. ಮೈಯ ಬಹುಭಾಗ ನೀರು. ಬಿಸಿಲು, ಒಣಗಾಳಿ ತಗಲಿದರೆ ಬಾಡಿ ಸಾಯುತ್ತದೆ. ಹಗಲೆಲ್ಲ ಕಲ್ಲು, ಕುಂಡ, ಒದ್ದೆ ಸೌದೆಗಳ ಅಡಿಯಲ್ಲಿ ಅಡಗಿದ್ದು ರಾತ್ರಿ ಹೊರಡುತ್ತದೆ. ಒಂದೇ ಹುಳುವಿನಲ್ಲಿ ಗಂಡು ಹೆಣ್ಣು ಎರಡೂ ಅಂಗಗಳಿರುವುದರಿಂದ ಪ್ರತಿಯೊಂದೂ ಮೊಟ್ಟೆಯಿಡಬಲ್ಲದು. ಬೆಂದ ಸಬ್ಬಕ್ಕಿಯಂತೆ ಕಾಣುವ ಮೊಟ್ಟೆಗಳನ್ನು ಒದ್ದೆ ಮಣ್ಣಿನಲ್ಲಿ ಗುಂಪಾಗಿ ಇಡುತ್ತದೆ.

ಬೆಂಗಳೂರಿನ ಮನೆಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ಜಾತಿಯ ಗುರುತು ಹೇಳುವುದು ಸುಲಭ. ಕಂದು ಮಿಶ್ರಿತ ಕಪ್ಪು ಬಣ್ಣ, ಚಪ್ಪಟೆ ಮೈ, ಚರ್ಮದ ಪಟ್ಟಿಯಂತೆ ಒರಟಾದ ಬೆನ್ನು, ಬೆನ್ನ ನಡುವೆ ತಲೆಯಿಂದ ಬಾಲದವರೆಗೆ ಒಂದು ತಿಳಿ ಬಣ್ಣದ ಗೆರೆ. ಶಾಸ್ತ್ರದಲ್ಲಿ ಇದರ ಹೆಸರು ಲೇವಿಕಾಲಿಸ್ ಆಲ್ಟೆ. ಮೂಲ ಆಫ್ರಿಕಾ ಖಂಡ. ನೆಲಕ್ಕೆ ತಗಲುವ ಇದರ ಪಾದ ಬಹಳ ಕಿರಿದಾಗಿರುವುದರಿಂದ ಉಳಿದ ಜಾತಿಗಳಿಗಿಂತ ಒಣಹವೆಯನ್ನು ಹೆಚ್ಚು ತಾಳಿಕೊಳ್ಳುತ್ತದೆ. ಪಟ್ಟಣದ ಸಿಮೆಂಟಿನ ನಡುವೆಯೂ ಇದು ಬದುಕಿಕೊಂಡಿರುವುದಕ್ಕೆ ಅದೂ ಒಂದು ಕಾರಣ. ನಮ್ಮ ಘಟ್ಟದ ಸೀಮೆಯ ಮರಿಯೆಲ್ಲಾ ಡುಸುಮಿಯೇರಿ ಎಂಬ ಹುಳು ಬೇರೆ. ಅದು ಕೇರಳದ ಕಡೆ ರಬ್ಬರ್ ಮರದ ಹಾಲಿಗೆ ಬೀಳುತ್ತದೆಂದು ಹೆಸರು ಮಾಡಿದೆ. ಅಡಿಕೆಯ ಹಿಂಗಾರವನ್ನು ಕೆರೆದು ತಿನ್ನುವ ಹುಳುಗಳ ಕಾಟವನ್ನು ಮಲೆನಾಡಿನ ಬೆಳೆಗಾರರಿಗೆ ನಾನು ವಿವರಿಸಬೇಕಾಗಿಲ್ಲ.

ಹೆಬ್ಬಾಳದಂಥ ಕಡೆ ಇವು ಮನೆಗೇ ಏಕೆ ನುಗ್ಗುತ್ತವೆ? ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹೊಯ್ಯುವಾಗ ಹುಳುವಿಗೆ ಕಾಡೂ ತೋಟವೂ ಒಂದೇ ಸಮನೆ ಒದ್ದೆ. ಅದಕ್ಕೆ ನಮ್ಮ ಮನೆ ಬೇಕಿಲ್ಲ. ಬೆಂಗಳೂರಿನಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್ ಅಕ್ಟೋಬರ್ ತಿಂಗಳಲ್ಲಿ. ಬಂದರೆ ಒಂದೇ ರಾತ್ರಿ ಮೋರಿ ತುಂಬಿ ಅಂಗಳಕ್ಕೆ ನೀರು ನಿಲ್ಲುತ್ತದೆ, ಮಾರನೆಯ ವಾರ ಬಿಸಿಲು ಕಾದು ಕಾಂಪೌಂಡಿನ ನೆಲವೆಲ್ಲ ಒಣಗುತ್ತದೆ. 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರದಲ್ಲಿ ಜನರನ್ನು ದೋಣಿಯಲ್ಲಿ ಹೊರಗೆ ತರಬೇಕಾಗಿ ಬಂದದ್ದು ನಿಮಗೆ ನೆನಪಿರಬಹುದು. ಮಣ್ಣಿನಲ್ಲಿ ನೀರು ನಿಂತಾಗ ಹುಳು ಮೇಲೇರಿ ಗೋಡೆ ಹತ್ತುತ್ತದೆ. ಹೊರಗೆ ಒಣಗಿದಾಗ ತಂಪು ಹುಡುಕಿಕೊಂಡು ಬಚ್ಚಲಿಗೆ ಬರುತ್ತದೆ. ಹೆಬ್ಬಾಳ, ಭೂಪಸಂದ್ರ, ಕೆಂಪಾಪುರ, ಗಂಗಾನಗರಗಳ ಕಡೆ ಕೆರೆಯ ಆಸುಪಾಸಿನಲ್ಲೂ ಹಳೆಯ ತೋಟಗಳ ಜಾಗದಲ್ಲೂ ಎದ್ದ ಮನೆಗಳು ಎಷ್ಟೋ ಇವೆ. ಎರಡು ಮನೆಗಳ ನಡುವೆ ಎರಡು ಮೂರು ಅಡಿ ಸಂದು, ಆ ಸಂದಿಗೆ ಬಿಸಿಲು ಇಳಿಯುವುದಿಲ್ಲ, ಅಲ್ಲೇ ಸಂಪು, ಅಲ್ಲೇ ಪಾತ್ರೆ ತೊಳೆದ ನೀರು ಹೋಗುವ ದಾರಿ, ಅಲ್ಲೇ ಸಾಲಾಗಿ ಹೂಕುಂಡ. ಹುಳುವಿಗೆ ಇದಕ್ಕಿಂತ ಒಳ್ಳೆಯ ಬಿಡಾರವನ್ನು ಕಟ್ಟಿಕೊಡುತ್ತೇನೆಂದು ಹೊರಟರೂ ಕಷ್ಟ.

ಒಳಗೆ ಬರುವ ದಾರಿಯನ್ನು ಹುಳುವೇ ತೋರಿಸಿಕೊಡುತ್ತದೆ. ಬೆಳಿಗ್ಗೆ ಗುಡಿಸುವ ಮೊದಲು ಟಾರ್ಚನ್ನು ನೆಲಕ್ಕೆ ಸಮನಾಗಿ ಓರೆಯಾಗಿ ಹಿಡಿದು ನೋಡಿದರೆ ಒಣಗಿದ ಲೋಳೆಯ ಬೆಳ್ಳಿಗೆರೆ ಹೊಳೆಯುತ್ತದೆ. ಗೆರೆಯನ್ನು ಹಿಡಿದು ಹಿಂದಕ್ಕೆ ಹೋದರೆ ಬಚ್ಚಲಿನಿಂದ ಗೋಡೆಯನ್ನು ತೂರಿ ಹೊರಗೆ ಹೋಗುವ ನೇರ ಕೊಳವೆ, ಇಲ್ಲವೇ ಹಿತ್ತಿಲ ಬಾಗಿಲಿನ ಅಡಿಯ ಸಂದು, ಇಲ್ಲವೇ ನಲ್ಲಿ ಕೊಳವೆ ಗೋಡೆ ಸೇರುವಲ್ಲಿ ಗಾರೆ ಬಿಟ್ಟ ತೂತು, ಇವುಗಳಲ್ಲಿ ಒಂದನ್ನು ಮುಟ್ಟುತ್ತೀರಿ. ಎಲುಬಿಲ್ಲದ ಮೈಯಾದ್ದರಿಂದ ಬೆರಳು ಹೋಗದ ಸಂದಿನಲ್ಲಿ ಬೆರಳುದ್ದದ ಹುಳು ನುಸುಳುತ್ತದೆ. ಅದೇ ಗೆರೆಯ ಮೇಲೆ ಮತ್ತೆ ಮತ್ತೆ ಬರುವ ಅಭ್ಯಾಸವೂ ಇವಕ್ಕಿದೆ. ಆದ್ದರಿಂದ ಒಂದು ದಿನ ಸಿಕ್ಕಿದ ಹುಳುವನ್ನು ಎತ್ತಿ ಹೊರಗೆ ಎಸೆದು ಕೈತೊಳೆದುಕೊಂಡರೆ ಪ್ರಯೋಜನವಿಲ್ಲ. ಗೆರೆಯನ್ನು ಉಜ್ಜಿ ತೆಗೆಯಬೇಕು, ತೂತನ್ನು ಮುಚ್ಚಬೇಕು.

ಉಜ್ಜುವ ವಿಚಾರದಲ್ಲಿ ಒಂದು ಮಾತು. ಲೋಳೆಯ ಮೇಲೆ ನೀರು ಸುರಿದರೆ ಅದು ಉಬ್ಬಿ ಇನ್ನಷ್ಟು ಅಂಟುತ್ತದೆ. ಕಸಬರಿಕೆಗೂ ಕೈಗೂ ಮೆತ್ತಿಕೊಂಡು ಹೇಸಿಗೆಯಾಗುತ್ತದೆ. ಒಣ ಬಟ್ಟೆಯಿಂದಲೋ ಕಾಗದದಿಂದಲೋ ಮೊದಲು ಒರಸಿ ತೆಗೆದು, ಒಲೆಬೂದಿ ಇದ್ದರೆ ಅದನ್ನು ಉದುರಿಸಿ ಉಜ್ಜಿ, ಕೊನೆಗೆ ಸಾಬೂನಿನ ನೀರು ಹಾಕಬೇಕು. ನಮ್ಮ ಕಡೆಯ ಹೆಂಗಸರಿಗೆ ಇದು ಗೊತ್ತಿರುವ ವಿಷಯ. ಪಟ್ಟಣದ ಮನೆಯಲ್ಲಿ ಬೂದಿಗೆ ಎಲ್ಲಿ ಹೋಗುವುದು ಎಂದರೆ, ಊರಿಂದ ಹೋಗುವಾಗ ಒಂದು ಡಬ್ಬಿ ಒಯ್ಯಬಹುದು. ವಿಷದ ಪೊಟ್ಟಣಕ್ಕಿಂತ ಅದು ಒಳ್ಳೆಯ ಉಡುಗೊರೆ.

ಬಚ್ಚಲಿನ ಹೊರತೂತಿಗೆ ಕಿಟಕಿಗೆ ಹಾಕುವಂಥ ತುಕ್ಕು ಹಿಡಿಯದ ಸೊಳ್ಳೆಬಲೆಯ ತುಂಡನ್ನು ಕಟ್ಟಬೇಕು. ಕೂದಲು, ಕಸ ಸಿಕ್ಕಿ ಕಟ್ಟಿಕೊಳ್ಳುತ್ತದೆ. ವಾರಕ್ಕೊಮ್ಮೆ ತೆಗೆದು ತೊಳೆಯುವ ಬೇಸರವನ್ನು ಸಹಿಸಿಕೊಳ್ಳಲೇಬೇಕು. ಬಾಗಿಲಿನ ಅಡಿಗೆ ರಬ್ಬರ್ ಪಟ್ಟಿ. ಕೊಳವೆಯ ಸುತ್ತ ಒಂದು ಹಿಡಿ ಸಿಮೆಂಟು. ಹೊಸ್ತಿಲ ಹೊರಗೆ ಕಾಲೊರಸುವ ಗೋಣಿಚೀಲ ಒದ್ದೆಯಾಗಿ ಬಿದ್ದಿರಬಾರದು. ನಾಯಿ ಬೆಕ್ಕುಗಳಿಗೆ ಹಾಕಿದ ಅನ್ನ ರಾತ್ರಿ ತಟ್ಟೆಯಲ್ಲಿ ಉಳಿಯಬಾರದು. ಮನೆಯೊಳಗೆ ಹುಳು ಸೇರಿ ತಿನ್ನುವುದು ಅದನ್ನೇ, ಅಥವಾ ಬುಟ್ಟಿಯಲ್ಲಿಟ್ಟ ಸೊಪ್ಪನ್ನು. ಗಿಡಗಳಿಗೆ ಸಂಜೆ ಹಾಕುವ ನೀರನ್ನು ಬೆಳಿಗ್ಗೆ ಹಾಕಿದರೆ ರಾತ್ರಿ ಹೊತ್ತಿಗೆ ಕುಂಡದ ಮೇಲ್ಮಣ್ಣು ಆರಿರುತ್ತದೆ. ಕೇಳುವುದಕ್ಕೆ ಅಲ್ಪವೆನಿಸುವ ಈ ಒಂದು ಬದಲಾವಣೆಯೇ ಹುಳುವಿನ ಓಡಾಟವನ್ನು ಬಹಳಷ್ಟು ಕಡಿಮೆ ಮಾಡುತ್ತದೆ.

ಅಷ್ಟರಲ್ಲೂ ಉಳಿದ ಹುಳುಗಳನ್ನು ಕೈಯಿಂದ ಆಯಬೇಕು. ಇದಕ್ಕೆ ನಮ್ಮ ಅಡಿಕೆ ಹಾಳೆಯಂಥ ಸಾಧನ ಬೇರೆ ಇಲ್ಲ. ಹಾಳೆಯನ್ನು ಚೆನ್ನಾಗಿ ನೆನೆಸಿ, ಕುಂಡಗಳ ಪಕ್ಕದಲ್ಲಿ ಕವುಚಿ ಹಾಕಿ, ಅಡಿಯಲ್ಲಿ ಪಪ್ಪಾಯಿ ಎಲೆಯನ್ನೋ ಕೋಸಿನ ಹೊರಎಲೆಯನ್ನೋ ಇಟ್ಟರೆ ರಾತ್ರಿಯ ಹುಳುಗಳು ಬೆಳಗಿನ ಜಾವ ಅದರ ಅಡಿ ಸೇರುತ್ತವೆ. ಹುದುಗು ಬಂದ ವಾಸನೆ ಇವಕ್ಕೆ ಬಹಳ ಪ್ರೀತಿ. ಇಂಗ್ಲೆಂಡಿನವರು ಇದಕ್ಕಾಗಿ ಬೀರನ್ನು ಬಟ್ಟಲಲ್ಲಿ ಹುಗಿದಿಡುತ್ತಾರೆ. ನಮಗೆ ಹುಳಿ ಬಂದ ದೋಸೆಹಿಟ್ಟು ಒಂದು ಸೌಟು ಸಾಕು. ಬೆಳಿಗ್ಗೆ ಹಾಳೆ ಮಗುಚಿ, ಇಕ್ಕಳದಿಂದ ಎತ್ತಿ ಉಪ್ಪು ಬೆರೆಸಿದ ನೀರಿನ ಬಕೆಟ್ಟಿಗೆ ಹಾಕಿದರಾಯಿತು. ಹುಳುವಿನ ಮೈಮೇಲೆ, ನೆಲದಲ್ಲೆಲ್ಲ ಉಪ್ಪು ಸುರಿಯುವ ಪದ್ಧತಿಯನ್ನು ಮಾತ್ರ ನಾನು ಮೆಚ್ಚುವುದಿಲ್ಲ. ಹುಳು ಸಾಯುವುದು ನಿಜ. ಆದರೆ ನೊರೆನೊರೆಯಾದ ಲೋಳೆ ನೆಲಕ್ಕೆ ಹತ್ತುತ್ತದೆ, ಉಪ್ಪುನೀರು ಕುಂಡಕ್ಕೆ ಇಳಿದರೆ ಗಿಡವೂ ಸಾಯುತ್ತದೆ. ಬಕೆಟ್ಟಿನ ನೀರನ್ನೂ ಗಿಡದ ಬುಡಕ್ಕೆ ಚೆಲ್ಲಬಾರದು. ಸತ್ತ ಹುಳುಗಳನ್ನು ಸೋಸಿ ತೆಗೆದು ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚುವುದು ಲೇಸು.

ಇನ್ನು ಮಾತ್ರೆಯ ವಿಷಯ. ನಮ್ಮ ಮಳಿಗೆಯಲ್ಲಿ ಬಸವನಹುಳುವಿಗೆಂದು ಮಾರುವುದು ಶೇಕಡಾ 2.5ರ ಮೆಟಾಲ್ಡಿಹೈಡ್. ಇದು ಹುಳುವಿನ ಮೈಯ ಲೋಳೆಯೆಲ್ಲ ಸುರಿದುಹೋಗುವಂತೆ ಮಾಡಿ ಒಣಗಿಸಿ ಕೊಲ್ಲುತ್ತದೆ. ಆದಕಾರಣ ಸುತ್ತ ತೇವ ಹೆಚ್ಚಿದ್ದರೆ ಇದರ ಶಕ್ತಿ ಕುಂದುತ್ತದೆ, ಮಾತ್ರೆ ತಿಂದ ಹುಳು ನೀರು ಹೀರಿಕೊಂಡು ಚೇತರಿಸಿಕೊಳ್ಳುವುದೂ ಉಂಟು. ಅಂದಮೇಲೆ ಬಚ್ಚಲಿನಲ್ಲಿ ಇದನ್ನು ಹಾಕುವುದರ ಫಲವೇನೆಂದು ಯೋಚಿಸಿ. ಹುಳುವನ್ನು ಆಕರ್ಷಿಸಲೆಂದು ಮಾತ್ರೆಯಲ್ಲಿ ತೌಡು ಮೊದಲಾದ ತಿನಿಸು ಬೆರೆಸಿರುತ್ತಾರೆ. ಅದೇ ರುಚಿ ನಾಯಿಗೂ ಹಿಡಿಸುತ್ತದೆ. ತಿಂದ ನಾಯಿ ಕೆಲವೇ ಗಂಟೆಗಳಲ್ಲಿ ನಡುಗಲು ತೊಡಗಿ ಸೆಳೆತ ಬಂದು ಬೀಳುತ್ತದೆ. ಈ ವಿಷಕ್ಕೆಂದೇ ಪ್ರತ್ಯೇಕವಾದ ಮದ್ದಿಲ್ಲ. ಪಶುವೈದ್ಯರು ಲಕ್ಷಣಗಳನ್ನು ನೋಡಿ ಉಪಚರಿಸಬೇಕಷ್ಟೆ. ಅಂಬೆಗಾಲಿಡುವ ಮಗು ನೆಲದ ಮೇಲೆ ಬಿದ್ದ ಬಣ್ಣದ ಕಾಳನ್ನು ಬಾಯಿಗೆ ಹಾಕಿಕೊಳ್ಳದೆ ಇರುತ್ತದೆಯೇ? ಮೊಮ್ಮಗುವನ್ನು ನೋಡಲೆಂದೇ ಅಲ್ಲವೇ ನಾವು ಬೆಂಗಳೂರಿಗೆ ಹೋಗುವುದು? ಗ್ರೇಟ್ ಬ್ರಿಟನ್ನಿನಲ್ಲಿ ಹಕ್ಕಿ ಪ್ರಾಣಿಗಳಿಗೆ ಅಪಾಯವೆಂದು 2022ರ ಮಾರ್ಚ್ 31ರಿಂದ ಮೆಟಾಲ್ಡಿಹೈಡನ್ನು ಹೊರಾಂಗಣದಲ್ಲಿ ಬಳಸುವುದನ್ನೇ ನಿಲ್ಲಿಸಿದರು. ಅಲ್ಲಿಯ ಬೆಳೆಗಾರರು ಈಗ ಫೆರಿಕ್ ಫಾಸ್ಫೇಟ್ ಎಂಬ ಕಬ್ಬಿಣದ ಲವಣದ ಮಾತ್ರೆಗಳಿಗೆ ತಿರುಗಿದ್ದಾರೆ. ತೋಟದಲ್ಲಿ ಹಾವಳಿ ಮಿತಿಮೀರಿದಾಗ, ಜಾನುವಾರು ನಾಯಿಗಳನ್ನು ದೂರವಿರಿಸಿ, ಚೀಲದ ಮೇಲಿನ ಕ್ರಮದಂತೆ ಮೆಟಾಲ್ಡಿಹೈಡ್ ಬಳಸುವುದಕ್ಕೆ ನನ್ನ ವಿರೋಧವಿಲ್ಲ. ಅದು ಹೊಸ್ತಿಲು ದಾಟಿ ಒಳಗೆ ಬರಕೂಡದು.

ಮಾತ್ರೆಗಿಂತಲೂ ಹೆಚ್ಚು ಭಯ ಹುಟ್ಟಿಸುವುದು ನಮ್ಮ ಕೆಲವರ ಉಗ್ರಾಣದ ಮೂಲೆಯಲ್ಲಿ ಉಳಿದಿರುವ ಹಳೆಯ ದಾಸ್ತಾನು. ಬೇರುಹುಳುವಿಗೆಂದು ತಂದ ಫೋರೇಟ್ ಹರಳು, ತೌಡು ಬೆಲ್ಲದಲ್ಲಿ ಕಲಸಿ ಶಂಕುಹುಳುವಿಗೆ ಇಡುತ್ತಿದ್ದ ಮೆಥೊಮಿಲ್ ಪುಡಿ, ಇವು ಇನ್ನೂ ಅಲ್ಲಲ್ಲಿ ಇವೆ. ಫೋರೇಟ್ 2020ರ ಡಿಸೆಂಬರ್ 31ರಿಂದ ನಿಷಿದ್ಧ. ಮೆಥೊಮಿಲ್ ಮೇಲೆ 2023ರಲ್ಲಿ ನಿಷೇಧ ಬಂದಿದೆ. "ಇದ್ದದ್ದು ಇದೆ, ಬಿಸಾಡುವುದೇಕೆ, ಮಗನ ಮನೆಯ ಮೋರಿಗೆ ಹಾಕಿದರಾಯಿತು" ಎಂಬ ಮಾತನ್ನು ನಾನು ಕೇಳಿದ್ದೇನೆ. ಮೋರಿಗೆ ಹಾಕಿದ ವಿಷ ಮೋರಿಯಲ್ಲೇ ಇರುವುದಿಲ್ಲ. ಮಳೆ ಬಂದರೆ ರಾಜಕಾಲುವೆಯ ಮೂಲಕ ಕೆರೆ ಸೇರುತ್ತದೆ.

ಹೆಬ್ಬಾಳಕ್ಕೆ ವಿಷ ಒಯ್ಯುವ ನಾವು ಹೆಬ್ಬಾಳದಿಂದ ಪಡೆದದ್ದನ್ನೂ ನೆನೆಯಬೇಕು. 1899ರಲ್ಲಿ ವಾಣಿವಿಲಾಸ ಸನ್ನಿಧಾನದ ಮಹಾರಾಣಿಯವರು ಕೊಟ್ಟ 30 ಎಕರೆ ನೆಲದಲ್ಲಿ ಮೈಸೂರು ಸಂಸ್ಥಾನದ ಪ್ರಾಯೋಗಿಕ ಕ್ಷೇತ್ರ ಪ್ರಾರಂಭವಾದದ್ದು ಅಲ್ಲಿಯೇ. 1908ರಲ್ಲಿ ಕೆನಡಾದಿಂದ ಬಂದ ಡಾ. ಲೆಸ್ಲಿ ಕೋಲ್ಮನ್ನರು ಮೈಸೂರಿನ ಕೃಷಿ ಇಲಾಖೆ ಸೇರಿದರು. ಅಡಿಕೆಯ ಕೊಳೆರೋಗ ಯಾವುದರಿಂದ ಬರುತ್ತದೆಂದು ಕಂಡುಹಿಡಿದು, ಕೊನೆಗೆ ಕೊಟ್ಟೆ ಕಟ್ಟಿ ಮಳೆ ತಡೆಯುತ್ತಿದ್ದ ನಮ್ಮ ಹಿರಿಯರ ಕೈಗೆ ಬೋರ್ಡೋ ದ್ರಾವಣ ಕೊಟ್ಟವರು ಅವರು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಪ್ರಾರಂಭವಾದದ್ದೂ ಅವರ ಕಾಲದಲ್ಲಿಯೇ. ಇವತ್ತಿಗೂ ಮಳೆಗಾಲ ಹಿಡಿಯುವ ಮುನ್ನ ಕೊನೆಗೌಡನನ್ನು ಕಾಯುತ್ತಾ ನಾವು 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂದು ಲೆಕ್ಕ ಹಾಕುವುದು ಆ ಕೆಲಸದ ಫಲ.

ಇಲ್ಲಿ ಕೋಲ್ಮನ್ನರ ಹೆಸರೆತ್ತಲು ಇನ್ನೊಂದು ಕಾರಣವಿದೆ. ತಾಮ್ರವೆಂದರೆ ಬಸವನಹುಳು, ಸಿಂಬಳದ ಹುಳುಗಳಿಗೆ ಆಗದು. ಅದರ ಮೇಲೆ ಹರಿಯಲು ಅವು ಹಿಂಜರಿಯುತ್ತವೆ. ಬೇರೆ ದೇಶಗಳ ಕಿತ್ತಳೆ ತೋಟಗಳಲ್ಲಿ ಹುಳು ಮರ ಹತ್ತದಂತೆ ಕಾಂಡಕ್ಕೆ ಬೋರ್ಡೋ ಬಳಿಯುವ ಪದ್ಧತಿಯಿದೆ. ಕೊಳೆರೋಗಕ್ಕೆಂದು ಕಲಸಿ ಉಳಿದದ್ದನ್ನು ಚೆಲ್ಲುವ ಬದಲು ಹುಳುವಿನ ಕಾಟವಿರುವ ಗಿಡಗಳ ಬುಡಕ್ಕೆ ಎರಡಡಿ ಎತ್ತರ ಬಳಿಯಬಹುದು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣಕ್ಕೆ 10 ಲೀಟರ್ ನೀರು ಹಾಕಿ ಮಾಡಿದ ಮುಲಾಮಾದರೆ ಮಳೆಗೆ ಬೇಗ ತೊಳೆದುಹೋಗುವುದಿಲ್ಲ. ಆದರೆ ವರ್ಷವರ್ಷವೂ ನೆಲಕ್ಕೆ ಬೀಳುವ ತಾಮ್ರ ಎರೆಹುಳುವಿಗೂ ಕೇಡು ಎಂಬುದನ್ನು ಮರೆತು ಬಕೆಟ್ಟುಗಟ್ಟಲೆ ಸುರಿಯುವುದು ಸಲ್ಲ. ಮೈಲುತುತ್ತವೂ ಹೊಟ್ಟೆಗೆ ಹೋದರೆ ವಿಷವೇ. ಅದನ್ನೂ ಮನೆಯ ಬಚ್ಚಲಿಗೆ ಒಯ್ಯಬೇಡಿ.

ಕಾಫಿ ಬೆಳೆಗಾರರಿಗೆ ಸ್ವಾರಸ್ಯವೆನಿಸುವ ಇನ್ನೊಂದು ಸಂಗತಿ. ಹವಾಯಿ ದ್ವೀಪದಲ್ಲಿ ಅಮೆರಿಕದ ಕೃಷಿ ಇಲಾಖೆಯವರು ಕಪ್ಪೆಗಳ ಹಾವಳಿ ತಡೆಯಲು ಕೆಫೀನ್ ದ್ರಾವಣ ಸಿಂಪಡಿಸಿ ನೋಡುತ್ತಿದ್ದಾಗ, ಆ ಸಿಂಪರಣೆಗೆ ಸಿಂಬಳದ ಹುಳುಗಳು ಸತ್ತುಬಿದ್ದವು. 2002ರಲ್ಲಿ ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಶೇಕಡಾ 1ರಿಂದ 2ರಷ್ಟು ಕೆಫೀನ್ ಇದ್ದರೆ ಹುಳು ಸಾಯುತ್ತದೆ, ಅದಕ್ಕಿಂತ ಬಹಳ ಕಡಿಮೆಯಿದ್ದರೂ ಆ ಎಲೆಯನ್ನು ತಿನ್ನಲು ಹಿಂದೆಗೆಯುತ್ತದೆ. ಇದನ್ನೋದಿದ ಪಟ್ಟಣದ ಜನ ಡಿಕಾಕ್ಷನ್ನಿನ ಗಸಿಯನ್ನು ಹೊಸ್ತಿಲಿಗೆ ಸುರಿದು ಹುಳು ಬಾರದೆಂದು ನಂಬಿ ಮಲಗುತ್ತಾರೆ. ನಾವು ಕುಡಿಯುವ ಲೋಟದ ಕಾಫಿಯಲ್ಲಿ ಅಷ್ಟು ಪ್ರಮಾಣದ ಕೆಫೀನ್ ಎಲ್ಲಿರುತ್ತದೆ? ಸೋಸಿ ಉಳಿದ ಗಸಿಯಲ್ಲಂತೂ ಇನ್ನೂ ಕಡಿಮೆ. ಒದ್ದೆ ಗಸಿ ರಾಶಿಯಾಗಿ ಬಿದ್ದರೆ ಅದರಡಿಯಲ್ಲೇ ಹುಳು ತಂಗೀತು. ಕಾಫಿಯನ್ನು ನಾವೇ ಕುಡಿದು ಗಸಿಯನ್ನು ಗೊಬ್ಬರದ ಗುಂಡಿಗೆ ಹಾಕುವುದು ವಾಸಿ.

ಹಾಗಾದರೆ ಈ ಹುಳುವಿನಿಂದ ಮನುಷ್ಯನಿಗೆ ಕೇಡೇ ಇಲ್ಲವೇ ಎಂದು ಕೇಳಬಹುದು. ಕಚ್ಚುವುದಿಲ್ಲ, ಕುಟುಕುವುದಿಲ್ಲ. ಆದರೆ ಒಂದು ಎಚ್ಚರ ಬೇಕು. ಇಲಿಗಳ ಶ್ವಾಸಕೋಶದ ರಕ್ತನಾಳಗಳಲ್ಲಿ ವಾಸಿಸುವ ಒಂದು ಜಂತುವಿದೆ. ಅದರ ಮರಿಗಳು ಇಲಿಯ ಹಿಕ್ಕೆಯಲ್ಲಿ ಹೊರಬಿದ್ದು, ಹಿಕ್ಕೆ ತಿಂದ ಬಸವನಹುಳು, ಸಿಂಬಳದ ಹುಳುಗಳ ಮೈಯಲ್ಲಿ ಬೆಳೆಯುತ್ತವೆ. ಅಂಥ ಹುಳು, ಅಥವಾ ಸೊಪ್ಪಿನಲ್ಲಿ ಅಡಗಿದ ಅದರ ಸಣ್ಣ ಮರಿ, ಹಸಿಯಾಗಿ ಹೊಟ್ಟೆಗೆ ಹೋದರೆ ಮಿದುಳಿನ ಪೊರೆಗೆ ಬಾವು ಬರಬಹುದು. ತೀವ್ರ ತಲೆನೋವು, ಕತ್ತು ಸೆಟೆಯುವುದು ಅದರ ಲಕ್ಷಣ. ಆಸ್ಟ್ರೇಲಿಯದಲ್ಲಿ 2010ರಲ್ಲಿ ಗೆಳೆಯರೊಡನೆ ಪಂದ್ಯ ಕಟ್ಟಿ ಒಂದು ಹುಳು ನುಂಗಿದ ಯುವಕ ವರ್ಷಕ್ಕೂ ಮೀರಿ ಪ್ರಜ್ಞೆಯಿಲ್ಲದೆ ಮಲಗಿ, ಒಟ್ಟು ಎಂಟು ವರ್ಷ ನರಳಿ ತೀರಿಕೊಂಡ. ಇಂಥದು ಅಪರೂಪ, ಹುಳು ಕಂಡ ಕೂಡಲೇ ಆಸ್ಪತ್ರೆಗೆ ಓಡಬೇಕಾಗಿಲ್ಲ. ಹುಳುವನ್ನು ಬರಿಗೈಯಲ್ಲಿ ಮುಟ್ಟದಿರುವುದು, ಮುಟ್ಟಿದರೆ ಸಾಬೂನಿನಲ್ಲಿ ಕೈ ತೊಳೆಯುವುದು, ಕೊತ್ತಂಬರಿ, ಒಂದೆಲಗ, ಪುದೀನ ಇವನ್ನು ಹಸಿಯಾಗಿ ಬಳಸುವಾಗ ಎಲೆ ಎಲೆಯಾಗಿ ಬಿಡಿಸಿ ತೊಳೆಯುವುದು, ಇಷ್ಟು ಸಾಕು. ಮಲೆನಾಡಿನವರಾದ ನಾವು ಒಂದೆಲಗದ ತಂಬುಳಿ ಬಿಟ್ಟವರಲ್ಲ. ಬಿಡಬೇಕಾಗಿಯೂ ಇಲ್ಲ, ತೊಳೆದು ಮಾಡಿದರಾಯಿತು. ಮಕ್ಕಳಿಗೆ ಮಾತ್ರ ಈ ಹುಳು ಆಟದ ವಸ್ತುವಾಗಬಾರದು.

ಬೆಳೆಗಾರರಾದ ನಾವು ಇದಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಇನ್ನೊಂದಿದೆ. ಬೆಂಗಳೂರಿಗೆ ಹೋದವರು ಬರಿಗೈಯಲ್ಲಿ ಬರುವುದಿಲ್ಲ. ನವೆಂಬರ್ ಹೊತ್ತಿಗೆ ಜಿ.ಕೆ.ವಿ.ಕೆ.ಯಲ್ಲಿ ಕೃಷಿಮೇಳ. ಹೆಬ್ಬಾಳ, ಯಲಹಂಕದ ರಸ್ತೆಗಳ ಉದ್ದಕ್ಕೂ ನರ್ಸರಿಗಳು. ಬೆಣ್ಣೆಹಣ್ಣು, ರಾಂಬುಟಾನ್, ಹೂವಿನ ಗಿಡಗಳ ಚೀಲ ಹಿಡಿಯದೆ ಬಸ್ಸು ಹತ್ತಿದವರನ್ನು ನಾನಂತೂ ಕಂಡಿಲ್ಲ. ಆ ಕಪ್ಪು ಪ್ಲಾಸ್ಟಿಕ್ ಚೀಲದ ಅಡಿಯಲ್ಲಿ, ಒದ್ದೆ ಮಣ್ಣಿನಲ್ಲಿ, ಮೊಟ್ಟೆಯ ಗುಂಪು ಕೂತಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಸಿಂಬಳದ ಹುಳುವಾದರೆ ಹೋಗಲಿ ಎನ್ನೋಣ, ಆಫ್ರಿಕಾದ ದೈತ್ಯ ಶಂಕುಹುಳುವಾದರೆ? ಒಂದು ಸಲಕ್ಕೆ ನೂರಕ್ಕೂ ಮೇಲ್ಪಟ್ಟು ಮೊಟ್ಟೆಯಿಟ್ಟು, ಬೇಸಗೆಯಲ್ಲಿ ಚಿಪ್ಪಿನ ಬಾಯಿ ಮುಚ್ಚಿಕೊಂಡು ತಿಂಗಳುಗಟ್ಟಲೆ ನಿದ್ರಿಸಿ, ಮಳೆ ಬಿದ್ದಾಗ ಎದ್ದು ಬರುವ ಜೀವಿ ಅದು. ಕೊಡಗಿನ ಸೋಮವಾರಪೇಟೆ ಕಡೆ ಶನಿವಾರಸಂತೆಯ ಸುತ್ತಮುತ್ತಲ ಕಾಫಿ ತೋಟಗಳಲ್ಲಿ ಅದು ಮಾಡಿದ ಹಾವಳಿಯನ್ನು ಕೇಳಿದವರಿಗೆ ಇದು ಕಟ್ಟುಕತೆಯಲ್ಲವೆಂದು ಗೊತ್ತು.

ಆ ಶಂಕುಹುಳು ನಮ್ಮ ದೇಶಕ್ಕೆ ಬಂದದ್ದೂ ಒಬ್ಬ ಮನುಷ್ಯನ ಕೈಯಲ್ಲಿಯೇ. ಚಿಪ್ಪುಗಳ ಹುಚ್ಚಿದ್ದ ಬೆನ್ಸನ್ ಎಂಬ ಆಂಗ್ಲ ಅಧಿಕಾರಿ ಮಾರಿಷಸ್ಸಿನಿಂದ ತಂದ ಹುಳುಗಳು 1847ರಲ್ಲಿ ಕಲ್ಕತ್ತೆಯ ಚೌರಂಗಿಯ ಒಂದು ತೋಟ ಸೇರಿದವು. ಅಮೆರಿಕದಲ್ಲಿ 1966ರಲ್ಲಿ ಹವಾಯಿಯಿಂದ ಮಯಾಮಿಗೆ ಮರಳಿದ ಹುಡುಗನೊಬ್ಬ ಇಂಥ ಮೂರು ಹುಳುಗಳನ್ನು ಮನೆಗೆ ತಂದ, ಅಜ್ಜಿ ಅವನ್ನು ಹಿತ್ತಿಲಿಗೆ ಬಿಟ್ಟಳು. ಏಳು ವರ್ಷದಲ್ಲಿ ಹದಿನೆಂಟು ಸಾವಿರಕ್ಕೂ ಹೆಚ್ಚು ಹುಳುಗಳನ್ನು ಸರ್ಕಾರ ಆಯಿಸಬೇಕಾಯಿತು. ಹತ್ತು ಲಕ್ಷ ಡಾಲರಿಗೂ ಮೀರಿ ಖರ್ಚಾಯಿತು. ಮೂರು ಹುಳುಗಳ ಲೆಕ್ಕ ಇದು. ಆದ್ದರಿಂದ ತಂದ ಗಿಡವನ್ನು ನೇರವಾಗಿ ತೋಟಕ್ಕೆ ಒಯ್ಯದೆ ಕಣದ ಬದಿಯಲ್ಲಿ, ಕಣ್ಣಿಗೆ ಬೀಳುವ ಜಾಗದಲ್ಲಿ ಒಂದೆರಡು ವಾರ ಪ್ರತ್ಯೇಕ ಇಡಿ. ಮೊದಲ ದಿನವೇ ಚೀಲದ ತಳ ಎತ್ತಿ ನೋಡಿ. ಸಬ್ಬಕ್ಕಿಯಂಥದು ಏನು ಕಂಡರೂ ಮಣ್ಣುಸಹಿತ ಕುದಿಯುವ ನೀರಿಗೆ ಹಾಕಿ. ನಾವು ಬೆಂಗಳೂರಿಗೆ ಒಯ್ಯುವ ಮೆಣಸಿನ ಬಳ್ಳಿ, ವೀಳ್ಯದ ಬಳ್ಳಿ, ಮಲ್ಲಿಗೆ ಗಿಡಗಳಿಗೂ ಇದೇ ಕ್ರಮ ಬೇಕು. ಮಗಳ ಮನೆಯ ಕುಂಡಗಳ ಸಾಲಿಗೆ ಹುಳು ಎಲ್ಲಿಂದ ಬಂತೆಂದು ಹುಡುಕಹೊರಟರೆ ಅಪ್ಪ ತಂದುಕೊಟ್ಟ ಗಿಡದ ಬುಡದಲ್ಲೇ ಅದು ಸಿಕ್ಕೀತು.

ಇನ್ನು ವ್ಯಾಪಾರ ಪೇಟೆಯವನ ಪಾಲಾಗುತ್ತದೆ ಎಂಬ ಮಾತಿಗೆ ಬರುತ್ತೇನೆ. ಆಗಲಿ. ಅರ್ಧ ಕಿಲೋ ಮಾತ್ರೆಯ ಲಾಭದಿಂದ ಸಂಘ ಉದ್ಧಾರವಾಗಬೇಕಾಗಿಲ್ಲ. ಸದಸ್ಯ ತನ್ನ ಅಂಗಡಿಯೆಂದು ನಮ್ಮಲ್ಲಿಗೆ ಬರುವಾಗ, ಬೇಕಾದ್ದನ್ನು ಕೊಡುವುದರ ಜತೆಗೆ ಬೇಡವಾದ್ದನ್ನು ಬೇಡವೆನ್ನುವ ನಂಟೂ ಇರುತ್ತದೆ. "ಮನೆಗೋ ತೋಟಕ್ಕೋ" ಎಂದು ಗುಮಾಸ್ತ ಒಂದು ಮಾತು ಕೇಳಲಿ. ಮನೆಗೆ ಎಂದರೆ ಕೊಡಕೂಡದು. ತೋಟಕ್ಕೆ ಎಂದರೂ ಬಿಡಿಯಾಗಿ ಕಾಗದದಲ್ಲಿ ಕಟ್ಟಿಕೊಡದೆ ಕಂಪನಿ ಮುದ್ರೆಯ ಚೀಲವನ್ನು ಒಡೆಯದೆ ಕೊಡಬೇಕು. ಸಣ್ಣ ಹಿಡುವಳಿದಾರರಿಗೆ ದೊಡ್ಡ ಚೀಲ ಹೆಚ್ಚಾಗುತ್ತದೆಂಬ ತಕರಾರು ನ್ಯಾಯವಾದದ್ದು. ಚಿಕ್ಕ ಪೊಟ್ಟಣಗಳನ್ನೇ ತರಿಸಬೇಕೆಂದು ಆಡಳಿತ ಮಂಡಳಿಯನ್ನು ಕೇಳೋಣ. ಹಳೆಯ ಫೋರೇಟ್, ಮೆಥೊಮಿಲ್ ದಾಸ್ತಾನನ್ನು ಯಾರಲ್ಲಿ ಎಷ್ಟಿದೆಯೆಂದು ಬರೆದುಕೊಂಡು ಕೃಷಿ ಇಲಾಖೆಯವರ ಮೂಲಕ ವಿಲೇವಾರಿ ಮಾಡಿಸುವುದು ಸಂಘದಿಂದ ಆಗಬಹುದಾದ ಕೆಲಸ. ಒಬ್ಬೊಬ್ಬ ಸದಸ್ಯನಿಂದ ಆಗದು.

ಮಾತ್ರೆ ಕೇಳಿ ಬಂದ ಹಿರಿಯರನ್ನು ಬರಿಗೈಯಲ್ಲಿ ಕಳಿಸಬೇಕೆಂದೂ ನಾನು ಹೇಳುತ್ತಿಲ್ಲ. ಮಳಿಗೆಯಲ್ಲಿ ಸೊಳ್ಳೆಬಲೆಯ ಒಂದು ಸುರುಳಿ ತಂದಿಟ್ಟು ಅಡಿಲೆಕ್ಕದಲ್ಲಿ ಮಾರಬಹುದು, ಇಕ್ಕಳ, ಕೈಗವಸು, ಬಾಗಿಲಿನ ರಬ್ಬರ್ ಪಟ್ಟಿ ಇಡಬಹುದು. ಅಡಿಕೆ ಹಾಳೆಯನ್ನು ನಾವೇನೂ ಮಾರಬೇಕಾಗಿಲ್ಲ, ಅವರವರ ತೋಟದಲ್ಲೇ ಬಿದ್ದಿರುತ್ತದೆ. ವಾರ್ಷಿಕ ಮಹಾಸಭೆಯ ಮುಂದೆ ಈ ಸೂಚನೆಯನ್ನು ಲಿಖಿತವಾಗಿ ಇಡುವವನಿದ್ದೇನೆ. ಒಪ್ಪದವರು ಅಲ್ಲಿ ಬಂದು ಮಾತಾಡಲಿ.